ಎರಡೂ ಕೈ ಒಡ್ಡಿ

ಮುಖ್ಯ ಅತಿಥಿ ಕಾಣೆಯಾಗಿದ್ದರು.

ವೇದಿಕೆಯ ಮೇಲೆ ಕುರ್ಚಿ ಇತ್ತು, ಶಾಲು ಇತ್ತು, ಹಾರ ಇತ್ತು. ಸ್ವಾಗತ ಭಾಷಣದ ಹಾಳೆ ಹಿಡಿದು ನಾನೂ ಇದ್ದೆ. ಅತಿಥಿ ಮಾತ್ರ ಇರಲಿಲ್ಲ. ಹುಡುಕುತ್ತ ಗೇಟಿಗೆ ಹೋದರೆ, ನೀಲಿ ಪೇಟದ ಆ ಹಿರಿಯರು ನೆಲದ ಮೇಲೆ ಕುಳಿತು ಮಕ್ಕಳ ಚಪ್ಪಲಿಗಳ ಧೂಳೊರೆಸಿ ಸಾಲಾಗಿ ಜೋಡಿಸುತ್ತಿದ್ದರು. ಹತ್ತು ನಿಮಿಷದ ಹಿಂದೆ ನಾನು ಅವರ ಮುಂದೆಯೇ ಚಪ್ಪಲಿ ಕಳಚಿ, ಮುಖವನ್ನೂ ನೋಡದೆ, "ಹೊಸದು, ಸ್ವಲ್ಪ ನೋಡ್ಕೊಳ್ಳಿ" ಎಂದು ಹೇಳಿ ಬಂದಿದ್ದೆ. (ಎಂ.ಎ.ಯಲ್ಲಿ ಓದಿದ್ದು ಸಮಾಜಶಾಸ್ತ್ರ. ನಗಬೇಡಿ.)

"ಸಾರ್, ವೇದಿಕೆಗೆ ಬನ್ನಿ," ಎಂದೆ.

"ಇದೂ ಸೇವೆನೇ ಕಣಮ್ಮ. ಆ ಹೊಸ ಚಪ್ಲಿ ನಿಂದೇ ಅಲ್ವಾ? ಜೋಪಾನವಾಗೈತೆ."

ಕಣಕಟ್ಟೆ ಹೋಬಳಿಯ ಒಂದು ಶಾಲೆಯಲ್ಲಿ ಕಳೆದ ಶನಿವಾರ ನಡೆದದ್ದಿದು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಉಳಿದ ಊರುಗಳು 'ಸದ್ಯ, ನಮ್ಮದಲ್ಲ' ಎಂದು ನಿರಾಳವಾಗಿಬಿಡುತ್ತವೆ.

ಆ ಅತಿಥಿ, ಹರ್ಬನ್ಸ್ ಸಿಂಗ್, ಅರಸೀಕೆರೆಯಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟು ಮೂವತ್ತು ವರ್ಷವಾಯಿತು. ಮಕ್ಕಳಿಗೆ ಸಿಖ್ ಧರ್ಮದ ಬಗ್ಗೆ ಎರಡು ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯರು ಕರೆದಾಗ ಅವರೆಂದರಂತೆ: "ಮಾತ್ ಯಾಕ್ ಸಾರ್? ಎಲ್ರಿಗೂ ಊಟ ಹಾಕ್ತೀವಿ. ಅದ್ರಲ್ಲೇ ಎಲ್ಲಾ ಐತೆ." ಅವರಲ್ಲಿ ಅದಕ್ಕೆ ಲಂಗರ್ ಎನ್ನುತ್ತಾರೆ. ಎಲ್ಲರೂ ಸೇರಿ ಬೇಯಿಸುವುದು, ನೆಲದ ಮೇಲೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದು.

ಆ ಶಾಲೆಯಲ್ಲಿ ಕಷ್ಟದ ವಿಷಯವೇ ಊಟ. ಬಿಸಿಯೂಟದ ಅಡುಗೆಯವರು ರತ್ನಮ್ಮ, ಊರಾಚೆಯ ಕೇರಿಯವರು. ಅವರು ಸೌಟು ಹಿಡಿದ ದಿನದಿಂದ ಹಲವು ಮಕ್ಕಳ ಬ್ಯಾಗಿಗೆ ಮನೆಯ ಡಬ್ಬಿ ಸೇರಿತ್ತು. ನಿಜವಾದ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಾರು ಉಪ್ಪು ಎನ್ನುತ್ತಾರೆ, ಅನ್ನ ಮೆತ್ತಗೆ ಎನ್ನುತ್ತಾರೆ. ಅಡುಗೆಯವರನ್ನು ಬದಲಿಸಬೇಕೆಂಬ ದೂರು ಸೋಮವಾರದ ಶಾಲಾ ಸಮಿತಿ ಸಭೆಗೆ ಬರುವುದಿತ್ತು. ದೂರು ಅಂಗೀಕಾರವಾದರೆ ರತ್ನಮ್ಮನ ಕೆಲಸ ಹೋಗುತ್ತಿತ್ತು.

ಸಮಿತಿಯ ಅಧ್ಯಕ್ಷರು ಯಾರು? ನನ್ನ ಸ್ವಂತ ಸೋದರಮಾವ. ಅವರ ಮೊಮ್ಮಗಳ ಬ್ಯಾಗಿನಲ್ಲೂ ಡಬ್ಬಿ. ನಾನು ಎಂದಾದರೂ ಪ್ರಶ್ನಿಸಿದ್ದೆನೇ? ಇಲ್ಲ. ಅವರ ಮನೆಯ ಊಟ ಚೆನ್ನಾಗಿರುತ್ತದೆ.

ಭಾಷಣವನ್ನೂ ಚೆನ್ನಾಗಿಯೇ ಬರೆದಿದ್ದೆ. ಬೇಲೂರು, ಹಳೇಬೀಡು, ಪಕ್ಕದ ಬಸ್ತಿಹಳ್ಳಿಯ ಬಸದಿಗಳು... ನಾನು ಒಟ್ಟುಮಾಡಿದ್ದ ಸಾಮರಸ್ಯದ ಪುರಾವೆಗಳೆಲ್ಲ ಕಲ್ಲಿನವೇ.

ಹರ್ಬನ್ಸ್ ಸಿಂಗ್ ಅವರ ಪತ್ನಿ ಮಂಜೀತ್ ಕೌರ್ ಅಡುಗೆ ಕೋಣೆಗೆ ಬಂದಾಗ ರತ್ನಮ್ಮ ಬಾಗಿಲಾಚೆ ನಿಂತಿದ್ದರು. "ಇವತ್ತು ನಿಂಗೆ ರಜಾ" ಎಂದು ಮಾವ ಮೊದಲೇ ಹೇಳಿದ್ದರಂತೆ. (ಎಂಥ ಕರುಣೆ!)

"ಅಲ್ಯಾಕ್ ನಿಂತಿದ್ದೀರಾ ರತ್ನಮ್ಮ? ಕೈ ತೊಳ್ಕೊಂಡು, ತಲೆ ಮೇಲೆ ಸೆರಗ್ ಹಾಕ್ಕೊಂಡ್ ಬನ್ನಿ. ಹಿಟ್ಟು ನೀವೇ ಕಲಸ್ಬೇಕು," ಎಂದರು ಮಂಜೀತ್.

"ನಾನಾ? ಆಮೇಕೆ ಯಾರೂ ಉಣ್ಣಾಕಿಲ್ಲ ಕಣ್ರವ್ವ."

"ಹಸಿದೋರು ಉಣ್ತಾರೆ. ಬನ್ನಿ."

ಊಟದ ಹೊತ್ತಿಗೆ ಮಾವ ಹಿರಿಯರಿಗೆಂದು ಜಗಲಿಯ ಮೇಲೆ ನಾಲ್ಕು ಕುರ್ಚಿ, ಒಂದು ಮೇಜು ಹಾಕಿಸಿದ್ದರು. ಜಮಖಾನೆ ಹಾಸುತ್ತಿದ್ದ ಹರ್ಬನ್ಸ್ ಸಿಂಗ್ ತಲೆಯೆತ್ತಿದರು. "ಕುರ್ಚಿ ಮಂಡಿನೋವ್ ಇರೋರ್ಗೆ ಅಧ್ಯಕ್ಷ್ರೇ. ನಿಮ್ಗೆ ನೋವೈತಾ?"

"ನಂಗ್ಯಾತರ್ ನೋವು? ಈಗ್ಲೂ ತೆಂಗಿನ್ ಮರ ಹತ್ತೀನಿ!"

"ಹಂಗಾರೆ ಕೂತ್ಕಳಿ."

ನೆರೆದವರೆಲ್ಲ ನಕ್ಕರು. ಮಾವ ಜಮಖಾನೆಯ ಮೇಲೆ ಕೂತರು. ಒಂದು ಪಕ್ಕದಲ್ಲಿ ಮೊಮ್ಮಗಳು, ಇನ್ನೊಂದು ಪಕ್ಕದಲ್ಲಿ ಕೇರಿಯ ಮಕ್ಕಳು.

ಗೋಧಿ ರೊಟ್ಟಿಯ ಬುಟ್ಟಿ ಹಿಡಿದು ಬಂದವರು ರತ್ನಮ್ಮ. ಮಾವ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ನಮ್ಮಲ್ಲಿ ಹಾಗೇ ತಾನೇ? ಮೇಲಿನಿಂದ ತಟ್ಟೆಗೆ ಬಿದ್ದರೆ ಯಾರ ಕೈಯೂ ಯಾರಿಗೂ ತಾಗುವುದಿಲ್ಲ.

"ರೊಟ್ಟಿ ತಟ್ಟೆಗ್ ಹಾಕಲ್ಲ ಅಧ್ಯಕ್ಷ್ರೇ," ಎಂದರು ಹರ್ಬನ್ಸ್ ಸಿಂಗ್. "ಎರಡೂ ಕೈ ಒಡ್ಡಿ ಈಸ್ಕೋಬೇಕು. ನಮ್ಮಪ್ಪನೂ ಹಂಗೇ, ನಾನೂ ಹಂಗೇ."

ಮಾವನ ಕೈ ಮೇಲೇಳಲಿಲ್ಲ. ರೊಟ್ಟಿ ಹಿಡಿದ ರತ್ನಮ್ಮನ ಕೈ ಹಾಗೇ ನಿಂತಿತು. ಇಡೀ ಸಾಲು ಉಣ್ಣುವುದನ್ನು ಬಿಟ್ಟು ಅವರಿಬ್ಬರನ್ನೇ ನೋಡುತ್ತಿತ್ತು.

"ಈಸ್ಕೋ ತಾತ! ಆಂಟಿ ಕೈ ಸುಡ್ತೈತೆ!" ಎಂದಳು ಮೊಮ್ಮಗಳು.

ಮಾವ ಎರಡೂ ಕೈ ಒಡ್ಡಿದರು.

ನನ್ನ ಭಾಷಣ ಆಮೇಲೆ ಯಾರಿಗೂ ನೆನಪಾಗಲಿಲ್ಲ. ಒಳ್ಳೆಯದೇ ಆಯಿತು.

ಇಷ್ಟಕ್ಕೇ ಕಣ್ಣೊರೆಸಿಕೊಂಡು, ಫೋಟೊ ಹಂಚಿಕೊಂಡು ಮನೆಗೆ ಹೋಗಬಹುದಿತ್ತು. ಹೋಗಬಾರದು. ಶನಿವಾರದ ಔದಾರ್ಯಕ್ಕೆ ಸೋಮವಾರ ಸಾಕ್ಷಿ ಬೇಕು. ತಪಾಸಣೆಗೆ ಬರುವ ಅಧಿಕಾರಿಗಳು ಹಾಜರಿ ನೋಡುತ್ತಾರೆ, ಅಕ್ಕಿ ಮೂಟೆ ನೋಡುತ್ತಾರೆ. ಬ್ಯಾಗಿನೊಳಗಿನ ಡಬ್ಬಿಗಳನ್ನು ನೋಡಿ "ಏಕೆ?" ಎಂದು ಕೇಳಲು ಅವರಿಗೆ ಯಾವ ಸುತ್ತೋಲೆ ಬೇಕು?

ಸಭೆಗೆ ಮುನ್ನ ಮಾವನ ಮನೆಗೆ ಹೋದೆ.

"ದೂರು ಕೈಬಿಡ್ತೀವಿ ಕಣೇ, ಸುಮ್ನಿರು," ಎಂದರು.

"ಕೈಬಿಟ್ರೆ ಸಾಲದು ಮಾವ. ದೂರನ್ನ ಕಾಗದದ ಮೇಲೆ ಬರೆದಿದ್ರಲ್ಲ? ಅದು ಸುಳ್ಳು ಅನ್ನೋದನ್ನೂ ಬರೀರಿ."

"ನಿನ್ನ ಓದ್ಸಿದ್ದೇ ತಪ್ಪಾಯ್ತು," ಎಂದು ಗೊಣಗಿದರು. ಆದರೆ ಬರೆದರು. ಸಮಿತಿಯ ನಡಾವಳಿ ಪುಸ್ತಕದಲ್ಲಿ ಈಗ ಅದು ಇದೆ: ದೂರಿನಲ್ಲಿ ಹುರುಳಿಲ್ಲ, ರತ್ನಮ್ಮನವರೇ ಅಡುಗೆಯವರಾಗಿ ಮುಂದುವರಿಯುತ್ತಾರೆ. ಕೆಳಗೆ ಮಾವನ ಸಹಿ.

ಸೋಮವಾರ ಮೊಮ್ಮಗಳು ಡಬ್ಬಿ ಒಯ್ಯಲಿಲ್ಲ. ಅವಳನ್ನು ನೋಡಿ ಮರುದಿನ ಇನ್ನೂ ನಾಲ್ವರು ಬಿಟ್ಟರು. ಉಳಿದವರ ಡಬ್ಬಿಗಳು ಬರುತ್ತಲೇ ಇವೆ. ಹರ್ಬನ್ಸ್ ಸಿಂಗ್ ಅರಸೀಕೆರೆಯ ತಮ್ಮ ಅಂಗಡಿಯಲ್ಲಿದ್ದಾರೆ.

ಅವರ ರೊಟ್ಟಿಗೆ ಕೈಯೊಡ್ಡುವುದನ್ನು ಅವರೇ ಬಂದು ಕಲಿಸಿದರು. ನಮ್ಮದೇ ಅನ್ನ-ಸಾರಿಗೆ ಯಾರು ಬರಬೇಕು?