ಮಲ್ಲಿಗೆ ಸಿಗಲಿಲ್ಲ, ಮಲ್ಲಿಗಿ ಸಿಕ್ಕಿತು

ಹೆಸರಿಡುವುದರಲ್ಲಿ ನಾನು ದಡ್ಡ. ಕೂಸಿಗಾದರೆ ಕಿವಿಯಲ್ಲಿ ಹೆಸರು ಉಸುರಲು ಸೋದರತ್ತೆ ಇರುತ್ತಾಳೆ. ಕಂಪ್ಯೂಟರಿನ ಫೈಲಿಗೆ ಯಾರಿದ್ದಾರೆ? ಹಿರಿಯರ ಬಾಯಿಂದ ಕೇಳಿದ ಹಾಡು, ಒಗಟು, ಅಡುಗೆ, ಬೈಗುಳ ಎಲ್ಲವನ್ನೂ ಟೈಪು ಮಾಡಿ ಇಟ್ಟುಕೊಳ್ಳುವ ಚಟ ನನ್ನದು. ಕೇಳುವಾಗಿನ ಶ್ರದ್ಧೆ ಹೆಸರಿಡುವ ಹೊತ್ತಿಗೆ ಆರಿರುತ್ತದೆ. ಆ ಕ್ಷಣ ಬೆರಳಿಗೆ ಬಂದದ್ದೇ ಹೆಸರು. ಹೀಗಾಗಿ ನನ್ನ ಲ್ಯಾಪ್‌ಟಾಪಿನ ಒಳಗು ಸಂತೆ ಮುಗಿದ ಮೇಲಿನ ಬಯಲಿನಂತಿದೆ: ಏನುಂಟು ಏನಿಲ್ಲ ಎಂದು ಹೇಳಲಾಗದು, ಕಾಲಿಗೆ ತೊಡರಿದ್ದು ನಮ್ಮದು.

ಕೊಟ್ಟೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಗೆಳೆಯ ವೀರಣ್ಣ ಈ ಅವಸ್ಥೆ ನೋಡಲಾರದೆ ಒಂದು ಸಾಧನ ಹಾಕಿಕೊಟ್ಟ. ಅದು ಕೆಲಸ ಮಾಡುವುದು ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ. ಅದರಲ್ಲಿ ಚಿತ್ರವಿಲ್ಲ, ಗುಂಡಿಗಳಿಲ್ಲ, ಮಿನುಗುವ ಒಂದು ಗೆರೆ ಮಾತ್ರ. ನಾನು ಟೈಪು ಮಾಡಲು ಬಳಸುವ ಎಡಿಟರ್ ಎಂಬ ತಂತ್ರಾಂಶಕ್ಕೂ ಆ ಸಾಧನವನ್ನೇ ಜೋಡಿಸಿದ.

"ಫಜಿ ಫೈಂಡರ್ ಅಂತಾರ ಇದಕ್ಕ. ಫೈಲಿನ ಪೂರ್ತಿ ಹೆಸರು ಬ್ಯಾಡಲೇ. ನೆನಪಿದ್ದಷ್ಟು ಅಕ್ಷರ ಸಾಲಾಗಿ ಹೊಡಿ. ನಡುವ ಬಿಟ್ರೂ ನಡಿತೈತಿ."

"ಅಂದ್ರ ನನ್ನಂಥ ಮರೆಗುಳಿಗೇ ಮಾಡ್ಯಾರ ಅನ್ನು."

"ನಿನ್ನಂಥೋರು ಜಗತ್ತಿನ ತುಂಬ ಅದಾರ, ಜಂಬ ಪಡಬ್ಯಾಡ," ಎಂದ.

ಒಂದೊಂದು ಅಕ್ಷರ ಒತ್ತಿದಂತೆಲ್ಲ ಪಟ್ಟಿ ಸಣ್ಣದಾಗುತ್ತ ಹೋಗುವುದನ್ನು ನಾನು ಬೆರಗಿನಿಂದ ನೋಡುತ್ತ ಕುಳಿತೆ. ಮೊರದಲ್ಲಿ ಕೇರಿದ ಹಾಗೆ ಬೇಡದ್ದು ಹಾರಿ, ಬೇಕಾದ್ದು ಉಳಿಯುತ್ತದೆ. ಎಲ್ಲೋ ನೋಡಿದ್ದೇನಲ್ಲ ಎನ್ನಿಸಿತು. ನೋಡಿದ್ದೆ, ನೀಲಗುಂದದ ನಮ್ಮಜ್ಜಿಯಲ್ಲಿ.

ನಮ್ಮ ಕಡೆ ಹೆಸರಿನ ಫಜೀತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಕೊಟ್ರೇಶಿ!" ಎಂದು ಕೂಗಿ ನೋಡಿ, ಅರ್ಧ ಬಸ್‌ಸ್ಟ್ಯಾಂಡು ತಿರುಗುತ್ತದೆ. ಕೊಟ್ರಪ್ಪ, ಕೊಟ್ರಮ್ಮ, ಕೊಟ್ರಗೌಡ, ಕೊಟ್ರಬಸಪ್ಪ ಎಲ್ಲರಿಗೂ ಊರದೇವರಾದ ಸ್ವಾಮಿಯದೇ ಹೆಸರು. ಇಂಥದರಲ್ಲಿ ತಾನಿಲ್ಲದಾಗ ಮನೆಗೆ ಬಂದುಹೋದ ಕೊಟ್ರಪ್ಪ ಯಾವನೆಂದು ಅಜ್ಜಿ ನನ್ನ ಮಾತಿನಿಂದಲೇ ಪತ್ತೆ ಮಾಡಬೇಕು. "ಮಂಡಕ್ಕಿ" ಎಂದರೆ ಮಂಡಕ್ಕಿ ಹುರಿಯುವ ಭಟ್ಟಿಯ ಕೊಟ್ರಪ್ಪ, "ಉಜ್ಜಿನಿ" ಎಂದರೆ ಆ ಊರಿನ ಅಳಿಯ ಕೊಟ್ರಪ್ಪ. ಎರಡು ಚೂರು ಸಿಕ್ಕರೆ ಅವಳಿಗೆ ಸಾಕಿತ್ತು. ನಾನೋ ಕತೆಗಾರ, ಇಲ್ಲದ ಮೀಸೆ, ಇಲ್ಲದ ಸೈಕಲ್ಲು ಸೇರಿಸಿ ವರ್ಣಿಸುತ್ತಿದ್ದೆ. ಅಜ್ಜಿ ತಲೆ ಚಚ್ಚಿಕೊಳ್ಳುವಳು: "ಗೊತ್ತಿದ್ದಷ್ಟು ಹೇಳೋ ಮಾರಾಯ. ಬಿಟ್ಟಿದ್ದು ನಾ ತುಂಬ್ಕೊಂತೀನಿ. ನೀ ಕೂಡಿಸಿದ್ದು ಹೆಂಗ ತಗೀಲಿ?"

ಆ ಮಾತಿನ ಬೆಲೆ ತಿಳಿದದ್ದು ಈಚೆಗೆ, ಪಕ್ಕದ ಮನೆಯ ಶರಣಕ್ಕನಿಂದ.

ಶರಣಕ್ಕನ ಮಗಳಿಗೆ ಚೊಚ್ಚಲ ಕೂಸು. ಮರುದಿನ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಹರಪನಹಳ್ಳಿಯಿಂದ ಬೀಗರು ಬರುವವರಿದ್ದರು. ಆ ಬೀಗಿತ್ತಿ ರುದ್ರಮ್ಮ ಹಾಡಿಗೆ ಹೆಸರಾದವರು. ಮದುವೆಯಲ್ಲಿ ಅವರು ಸಾಲು ಸಾಲು ಸೋಬಾನ ಹಾಡಿ ನಮ್ಮೂರ ಹೆಂಗಸರ ಬಾಯಿ ಕಟ್ಟಿಸಿದ್ದನ್ನು ಶರಣಕ್ಕ ಮರೆತಿರಲಿಲ್ಲ. ಈ ಸಲ ತನ್ನ ಅವ್ವನ ಜೋಗುಳವೇ ಆಗಬೇಕು ಎಂಬುದು ಅವಳ ಹಟ. ಅವ್ವ ಈಗಿಲ್ಲ, ಹಾಡಿನ ಮೊದಲ ಸಾಲು ಬಿಟ್ಟರೆ ಶರಣಕ್ಕನಿಗೆ ಮುಂದಿನದು ನೆನಪಿಲ್ಲ.

"ತಮ್ಮಾ, ಅವ್ವನ ಮುಂದ ಕುಂತು ನೀ ಬರಕೊಂಡಿದ್ದಿಲ್ಲೇನು? ಹುಡುಕಿಕೊಡು. ಬೀಗ್ತಿ ಮುಂದ ಅರ್ಧಕ್ಕ ನಿಂತ್ರ ನನ್ನ ಮಾನ ಹೊಕ್ಕೈತಿ."

"ಅದಕ್ಯಾಕ ಚಿಂತಿ ಅಕ್ಕಾ? ಚಿಟಿಕಿ ಹೊಡಿಯೋದ್ರಾಗ ತಗೀತೀನಿ," ಎಂದು ಕಪ್ಪು ಕಿಟಕಿ ತೆರೆದೆ. ಮಾವನ ಮನೆಯ ಮುಂದಿನ ಮಲ್ಲಿಗೆ ಹಂದರದ ಹಾಡು ಅದು. ಗಂಭೀರವಾಗಿ "ಮಾವನ ಮನೆಯ ಮಲ್ಲಿಗೆ" ಎಂದು ಹೊಡೆದೆ. ಪಟ್ಟಿ ಖಾಲಿ. "ಮಲ್ಲಿಗೆ ಹಂದರ" ಎಂದೆ. ಖಾಲಿ. ಬರಿಯ "ಮಲ್ಲಿಗೆ" ಎಂದಾಗ ಒಂದು ಬಂತು: ಹಡಗಲಿಯ ಮಲ್ಲಿಗೆಯ ಮೇಲೆ ನಾನೇ ಎಲ್ಲೋ ಮಾಡಿದ ಭಾಷಣ. ಅದು ಯಾವ ಕೂಸನ್ನೂ ಮಲಗಿಸದು. ಅಂದು ದೊಡ್ಡವರನ್ನು ಮಲಗಿಸಿತ್ತು, ಅದು ಬೇರೆ ಮಾತು.

"ಚಿಟಿಕಿ ಎಷ್ಟು ಹೊಡದಿ?" ಎಂದಳು ಶರಣಕ್ಕ. ಫೈಲು ಅಳಿಸಿಹೋಗಿದ್ದರೆ? ಆ ಹಾಡು ಇನ್ಯಾರ ಬಾಯಲ್ಲೂ ಪೂರ್ತಿ ಇಲ್ಲ. ಅವಳು ಕಂಗೆಟ್ಟು, ಮುಂದಿನ ಸಾಲು ತಾನಾಗಿ ಬಂದೀತೇನೋ ಎಂದು, ಗೊತ್ತಿದ್ದ ಒಂದೇ ಸಾಲನ್ನು ಗುನುಗತೊಡಗಿದಳು:

"ಮಾವನ ಮನಿ ಮುಂದ ಮಲ್ಲಿಗಿ ಹಂದರ..."

ಮನಿ! ಮಲ್ಲಿಗಿ! ಬರೆದುಕೊಂಡಾಗ ನನ್ನ ಕಿವಿಯಲ್ಲಿದ್ದದ್ದು ಅವಳ ಅವ್ವ. ಹುಡುಕುವಾಗ ತಲೆಯಲ್ಲಿದ್ದದ್ದು ಪಠ್ಯಪುಸ್ತಕ. ಆಡುವಾಗ ಮಲ್ಲಿಗಿ, ಬರೆಯುವಾಗ ಮಲ್ಲಿಗೆ ಎನ್ನುವ ನಮ್ಮಂಥ ಎರಡು ನಾಲಗೆಯವರು ಮಾತ್ರ ಮಾಡಬಲ್ಲ ತಪ್ಪು ಅದು.

ಶಾಲೆಯಲ್ಲಿ ಕಲಿತ ಲೋಪ, ಆಗಮ, ಆದೇಶಗಳು ನೆನಪಾದವು. ಈ ಸಾಧನದ ವ್ಯಾಕರಣದಲ್ಲಿ ಇರುವುದು ಲೋಪ ಒಂದೇ. ಅಕ್ಷರ ಬಿಟ್ಟರೆ ಮನ್ನಿಸುತ್ತದೆ. ಇಲ್ಲದ್ದನ್ನು ತಂದರೆ, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ, ಮುಖ ತಿರುಗಿಸುತ್ತದೆ. ನನ್ನ ಒಂದು ಎತ್ವ ಇಡೀ ಹಾಡನ್ನು ಮುಚ್ಚಿಟ್ಟಿತ್ತು. ಗುಡಿಸು, ಎತ್ವ, ಒತ್ತಕ್ಷರ ಎಲ್ಲ ಕಿತ್ತು ಬರೀ "ಮಲಗ" ಎಂದು ಹೊಡೆದೆ. ಮೊದಲು ಅದೇ ಭಾಷಣ, ಆಮೇಲೆ "ಮೂಲಂಗಿ ಪಲ್ಯ" ಕಾಣಿಸಿತು. ಅದರ ಕೆಳಗೆ, ಏನೂ ಆಗದವರ ಹಾಗೆ, "ಮಾವನ ಮನಿ ಮಲ್ಲಿಗಿ". ಅಜ್ಜಿ ಎಲ್ಲೋ ನಕ್ಕಂತಾಯಿತು.

ಮರುದಿನ ಶರಣಕ್ಕ ತೊಟ್ಟಿಲು ತೂಗುತ್ತ ಏರುದನಿಯಲ್ಲಿ ಹಾಡಿದಳು. ರಾತ್ರಿಯಿಡೀ ಬಾಯಿಪಾಠ ಮಾಡಿದ್ದಳಂತೆ. ಆದರೂ ಮೂರನೆಯ ನುಡಿಗೆ ಬರುತ್ತಿದ್ದಂತೆ ನಿಂತಳು. ಹೆಂಗಸರೆಲ್ಲ ಬೀಗಿತ್ತಿಯ ಕಡೆ ನೋಡಿದರು. ರುದ್ರಮ್ಮ ಸೆರಗು ಸರಿಮಾಡಿಕೊಂಡು, ನಿಂತ ತೊಟ್ಟಿಲಿಗೆ ತಾವೂ ಕೈಹಚ್ಚಿ, ಅಲ್ಲಿಂದಲೇ ಎತ್ತಿಕೊಂಡರು. ಹಾಡು ಅದೇ, ಉಚ್ಚಾರ ಮಾತ್ರ ತುಸು ಬೇರೆ. ಅವರ ಬಾಯಲ್ಲಿ ಮನಿ "ಮನೆ" ಆಗಿತ್ತು, ಮಲ್ಲಿಗಿ "ಮಲ್ಲಿಗೆ" ಆಗಿತ್ತು.

"ಇದು ನಮ್ಮವ್ವನ ಹಾಡ್ರಿ, ನಿಮಗ್ಹೆಂಗ ಬಂತು?" ಎಂದಳು ಶರಣಕ್ಕ, ಸಿಟ್ಟೋ ಸಮಾಧಾನವೋ ತಿಳಿಯದ ದನಿಯಲ್ಲಿ.

"ನಮ್ಮ ಅತ್ತೆ ಹಾಡ್ತಿದ್ರು ಕಣ್ರಿ. ಯಾರದಾದ್ರೇನು, ಕೂಸು ಅಳ್ತೈತಿ, ಎತ್ಗಳಿ ಮುಂದಿಂದು."

ಎತ್ತಿಕೊಂಡಳು. ಅಲ್ಲಿಂದ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ತುಂಬುತ್ತ ಹೋದರು. ಒಬ್ಬಳದು ಮಲ್ಲಿಗಿ, ಒಬ್ಬಳದು ಮಲ್ಲಿಗೆ. ಕೂಸು ವ್ಯಾಕರಣ ಕೇಳದೆ ನಿದ್ದೆ ಹೋಯಿತು.

ಊಟದ ನಂತರ ರುದ್ರಮ್ಮನವರನ್ನು ಕೂರಿಸಿಕೊಂಡು ಅವರ ಹಾಡನ್ನೂ ಬರೆದುಕೊಂಡೆ. ಈ ಸಲ ಫೈಲಿಗೆ ಕಿವಿಗೊಟ್ಟು ಹೆಸರಿಟ್ಟೆ: "ಮಾವನ ಮನೆ ಮಲ್ಲಿಗೆ". ಈಗ "ಮಲಗ" ಎಂದರೆ ಭಾಷಣ, ಮೂಲಂಗಿ ಪಲ್ಯಗಳ ಜೊತೆಗೆ ಬೀಗಿತ್ತಿಯರಿಬ್ಬರೂ ಒಬ್ಬರ ಕೆಳಗೊಬ್ಬರು ಬಂದು ಕೂರುತ್ತಾರೆ. ಯಾರು ಮೇಲೆ ಎಂಬುದನ್ನು ಮಾತ್ರ ಶರಣಕ್ಕನಿಗೆ ಹೇಳಿಲ್ಲ. ಬಿಟ್ಟಿದ್ದನ್ನು ಮನ್ನಿಸುತ್ತಾರೆ ಎಂದು ಕಲಿತಿದ್ದೇನಲ್ಲ, ಅದಕ್ಕೇ ಅಷ್ಟನ್ನು ಬಿಟ್ಟಿದ್ದೇನೆ.