ಹುಲಿಗೆಮ್ಮನ ಕಾಗದ, ಫೋರಂ ಎಂಬ ಊರು

2006ರಲ್ಲಿ ನಾನು ಹಂಪಿಯ ಸಮೀಪದ ಒಂದು ಸಣ್ಣ ಅಂಚೆ ಕಚೇರಿಯಲ್ಲಿ ಸಬ್ ಪೋಸ್ಟ್ ಮಾಸ್ಟರ್ ಆಗಿದ್ದೆ. ಸ್ವಂತ ಊರು ಕಂಪ್ಲಿ. ಮನೆ ಮಾಡಿದ್ದು ಕಡ್ಡಿರಾಂಪುರದಲ್ಲಿ. ಸಂಡೂರಿನ ಗಣಿಗಳಿಂದ ಅದಿರು ಹೊತ್ತ ಲಾರಿಗಳು ಹೊಸಪೇಟೆಯ ರಸ್ತೆಗಳನ್ನು ಹಗಲಿಡೀ ತುಂಬಿಕೊಂಡಿರುತ್ತಿದ್ದ ಕಾಲ ಅದು. ಒಂಬತ್ತಕ್ಕೆ ಬರಬೇಕಾದ ಟಪಾಲು ಚೀಲ ಹನ್ನೊಂದಕ್ಕೆ ಬರುತ್ತಿತ್ತು. ಬಿಚ್ಚಿ ಸುರಿದರೆ ಕಾಗದಗಳ ಜೊತೆ ಕೆಂಪು ಧೂಳೂ ಉದುರುತ್ತಿತ್ತು.

ವಿದೇಶಿ ಟಪಾಲು ಮಾತ್ರ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಹಿಂದೆ ಪ್ರವಾಸಿಗಳು ಬಂದು ತಮ್ಮ ಹೆಸರಿಗೆ ಕಾಗದವಿದೆಯೇ ಎಂದು ಕೇಳಿ, ಸಿಕ್ಕರೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಓದುತ್ತಿದ್ದರಂತೆ. ನನ್ನ ಕಾಲಕ್ಕೆ ಅವರೆಲ್ಲ ಇ-ಮೇಲ್‌ಗೆ ಹೋಗಿದ್ದರು.

ಆ ವರ್ಷದ ಜುಲೈಯಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಒಂದು ಕಾಗದ ಮರಳಿ ಬಂತು. ವಿಳಾಸದಾರರು ಮನೆ ಬದಲಿಸಿದ್ದಾರೆ ಎಂಬ ಮುದ್ರೆ ಅದರ ಮೇಲಿತ್ತು. ಆ ಕಾಗದವನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟವನು ನಾನೇ. ಬರೆಸಿದವಳು ಹುಲಿಗೆಮ್ಮ, ಬಾಳೆ ತೋಟಗಳಲ್ಲಿ ಕೂಲಿ ಮಾಡುತ್ತಿದ್ದ ಮೂವತ್ತೈದರ ಹೆಂಗಸು. ಗಂಡ ಅದಿರು ಲಾರಿ ಓಡಿಸುತ್ತ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಅದಕ್ಕೆ ಮೊದಲು ಎರಡು ಸಲ ಬೇರೆಯವರಿಂದ ಬರೆಸಿದ ಕಾಗದಗಳೂ ಹೀಗೇ ತಿರುಗಿ ಬಂದಿದ್ದವು.

ಕವರನ್ನು ಆಕೆಯ ಕೈಗಿಟ್ಟಾಗ ಹಿಂದುಮುಂದು ತಿರುಗಿಸಿ ನೋಡಿದಳು.

"ಸಾಹೇಬ್ರ, ನಾ ಬರಿಸಿದ್ದು ತಿರುಗಿ ನನಗ ಬರತೈತಲ್ರಿ. ಅಕಿಗೆ ಯಾವಾಗ ಮುಟ್ಟತೈತಿ?"

ಅಂದು ಆಕೆಯನ್ನು ಬೆಂಚಿನ ಮೇಲೆ ಕೂರಿಸಿ ಪೂರ್ತಿ ಕೇಳಿದೆ. 1993ರಲ್ಲಿ ಹುಲಿಗೆಮ್ಮ ಹಂಪಿಯ ಒಂದು ಗೆಸ್ಟ್ ಹೌಸಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹಂಪಿಯ ಕಲ್ಲುಗಳ ಚಿತ್ರ ಬರೆಯಲು ಬಂದಿದ್ದ ಒಬ್ಬ ಡಚ್ ಹೆಂಗಸು ಹತ್ತು ತಿಂಗಳ ಮಗಳೊಂದಿಗೆ ಅಲ್ಲಿ ಉಳಿದಿದ್ದಳು. ಕಾಮಾಲೆಯಾಗಿ ಆಕೆ ಹೊಸಪೇಟೆಯ ಆಸ್ಪತ್ರೆ ಸೇರಿದಳು. ಕೂಸನ್ನು ನೋಡಿಕೊಳ್ಳುವವರಿರಲಿಲ್ಲ. ಹುಲಿಗೆಮ್ಮನ ಸ್ವಂತ ಕೂಸು ತೀರಿಕೊಂಡು ಆಗ ಹನ್ನೆರಡು ದಿನ.

"ಅದು ಅಳಾಕತ್ತಿತ್ತು. ನನ್ನ ಎದಿ ತುಂಬಿ ನೋಯಾಕತ್ತಿತ್ತು. ಎತ್ಗೊಂಡ್ನಿ. ಅಷ್ಟರಿ" ಎಂದಳು.

ನಲವತ್ತು ದಿನ ಹಾಲೂಡಿಸಿದಳು. ತಾಯಿ ಗುಣವಾಗಿ ಬಂದ ಮೇಲೂ ನಾಲ್ಕು ತಿಂಗಳು ಕೂಸು ಇವಳ ಸೊಂಟದ ಮೇಲೇ ಇತ್ತು. ಅದರ ಹೆಸರು ಲೊಟ್ಟೆ. ನಮ್ಮಲ್ಲಿ ಲೊಟ್ಟೆ ಎಂದರೆ ಪೊಳ್ಳು, ಸುಳ್ಳು. ಹಾಲು ಕುಡಿಯುವ ಕೂಸನ್ನು ಹಾಗೆ ಕರೆಯಲು ಮನಸ್ಸಾಗದೆ ಹುಲಿಗೆಮ್ಮ ಲತಾ ಎಂದು ಕರೆದಳು. ತಾಯಿ ಮಗಳು ಊರಿಗೆ ಹೋದ ಮೇಲೆ ಆರು ವರ್ಷ ಕಾಗದ, ಫೋಟೋ ಬರುತ್ತಿದ್ದವು. ಆಮೇಲೆ ನಿಂತವು.

"ನಿಮಗ ಎಲ್ಲಾ ಊರಿನ ವಿಳಾಸ ಗೊತ್ತಿರತೈತಲ್ರಿ?"

"ಇಲ್ಲವ್ವ. ಬರೆದಿದ್ದನ್ನ ಮುಟ್ಟಸೋದಷ್ಟ ನಮ್ಮ ಕೆಲಸ" ಎಂದೆ. ಆಕೆ ಎದ್ದು ಹೋದಳು. ನನಗೆ ಮಾತ್ರ ಅಂದು ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಅದೇ ವಾರ ಪಾರ್ಸೆಲ್ ಕಳಿಸಲು ಬಂದ ಪ್ರವಾಸಿಯೊಬ್ಬರು ನನ್ನಿಂದ ಈ ಕಥೆ ಕೇಳಿ, ಪ್ರವಾಸಿಗರ ದೊಡ್ಡ ಫೋರಂ ಒಂದಿದೆ, ಅಲ್ಲಿ ಕೇಳಿ ಎಂದರು. ಫೋರಂ ಎಂದರೆ ಇಂಟರ್‌ನೆಟ್‌ನಲ್ಲಿರುವ ಚರ್ಚೆಯ ಕಟ್ಟೆ. ಯಾರೋ ಪ್ರಶ್ನೆ ಹಾಕುತ್ತಾರೆ, ಅದರ ಕೆಳಗೆ ಜಗತ್ತಿನ ಯಾವ ಮೂಲೆಯಿಂದಲಾದರೂ ಉತ್ತರಗಳು ಒಂದರ ಕೆಳಗೊಂದು ಸೇರುತ್ತವೆ. ಒಂದು ಪ್ರಶ್ನೆ ಮತ್ತು ಅದರ ಉತ್ತರಗಳ ಸಾಲಿಗೆ ಥ್ರೆಡ್ ಎನ್ನುತ್ತಾರೆ.

ಭಾನುವಾರ ಹೊಸಪೇಟೆಗೆ ಹೋದೆ. ಬಸ್ ಸ್ಟ್ಯಾಂಡ್ ಹತ್ತಿರ ಶಾಹೀನ್ ಎಂಬಾಕೆ ಆರು ಕಂಪ್ಯೂಟರ್‌ಗಳ ಸೈಬರ್ ಸೆಂಟರ್ ನಡೆಸುತ್ತಿದ್ದಳು. ಬಿ.ಎಸ್ಸಿ. ಓದಿದವಳು, ಮಾತು ನೇರ. ಫೋರಂನಲ್ಲಿ ನನ್ನ ಹೆಸರು ನೋಂದಾಯಿಸಿಕೊಟ್ಟಳು. ಮುಂದಿನದನ್ನು ನಾನೇ ಮಾಡುತ್ತೇನೆ ಎಂದೆ. ಇಪ್ಪತ್ತೇಳು ವರ್ಷ ಸರ್ಕಾರಿ ಪತ್ರ ಬರೆದ ಕೈ. ಎಲ್ಲವನ್ನೂ ದೊಡ್ಡ ಅಕ್ಷರಗಳಲ್ಲಿ, 'ವಿಷಯ', 'ಉಲ್ಲೇಖ' ಹಾಕಿ, ತಾಯಿ ಮಗಳ ಪೂರ್ತಿ ಹೆಸರು, ಹಳೆಯ ವಿಳಾಸ, ಮಗುವಿನ ವಯಸ್ಸು ಸಮೇತ ಬರೆದೆ. ಯಾವ ವಿಭಾಗಕ್ಕೆ ಹಾಕಬೇಕೆಂದು ತಿಳಿಯದೆ ಏಳು ವಿಭಾಗಗಳಿಗೂ ಹಾಕಿದೆ. ಹೋಟೆಲ್, ವೀಸಾ, ಸೈಕಲ್ ಸವಾರಿ, ಒಂದನ್ನೂ ಬಿಡಲಿಲ್ಲ.

ಮುಂದಿನ ಭಾನುವಾರ ನೋಡಿದರೆ ಆರು ಕಡೆ ಅಳಿಸಿಹಾಕಿದ್ದರು. ಉಳಿದ ಒಂದರಲ್ಲಿ ಹೆಸರು, ವಿಳಾಸ ತೆಗೆದಿದ್ದರು. ಅದರ ಕೆಳಗೆ ಬೈಗುಳ. ಯಾಕೆ ಕಿರುಚುತ್ತೀಯ ಎಂದು ಒಬ್ಬ ಕೇಳಿದ್ದ. ದೊಡ್ಡ ಅಕ್ಷರದಲ್ಲಿ ಬರೆದರೆ ಅಲ್ಲಿ ಕಿರುಚಿದಂತೆ ಎಂದು ನನಗೆ ಗೊತ್ತಿರಲಿಲ್ಲ. ಇನ್ನೊಬ್ಬರು, ಬೇರೆಯವರ ಹೆಣ್ಣುಮಗುವನ್ನು ಹುಡುಕುವ ನೀನು ಯಾರು, ನಿನ್ನ ಉದ್ದೇಶವೇನು ಎಂದು ಬರೆದಿದ್ದರು. ಅದನ್ನು ಓದಿದ ಕೂಡಲೇ, ನಾನು ಜವಾಬ್ದಾರಿಯುತ ಸರ್ಕಾರಿ ನೌಕರ, ಕ್ಷಮೆ ಕೇಳಿ ಎಂದು ಉತ್ತರ ಬರೆದೆ. ಮತ್ತೆ ದೊಡ್ಡ ಅಕ್ಷರದಲ್ಲೇ. ಎರಡು ವಾರ ನಾನು ಏನೂ ಬರೆಯದಂತೆ ಬಾಗಿಲು ಹಾಕಿದರು.

ಶಾಹೀನ್ ನನ್ನ ಮುಖ ನೋಡಿ, "ಸರ್, ನೀವು ಹೊಸಾ ಊರಿಗೆ ಟ್ರಾನ್ಸ್‌ಫರ್ ಆಗಿ ಹೋದ್ರ ಮೊದಲನೇ ದಿನಾನ ಕಟ್ಟಿ ಮ್ಯಾಲ ನಿಂತು ಒದರ್ತೀರೇನ್ರಿ? ಸುಮ್ಮನ ಕುಂದ್ರಿ ಸ್ವಲ್ಪ ದಿನ. ಯಾರು ಹೆಂಗ ಮಾತಾಡ್ತಾರ ನೋಡ್ರಿ" ಎಂದಳು.

ಅಂದೇ ನನಗೊಂದು ಖಾಸಗಿ ಸಂದೇಶ ಬಂದಿತ್ತು. ಅದು ಮಾಡರೇಟರ್‌ನಿಂದ, ಅಂದರೆ ಚರ್ಚೆ ಹದ್ದು ಮೀರದಂತೆ ನೋಡಿಕೊಳ್ಳುವವರಿಂದ. ಅಲ್ಲಿ ಯಾರೂ ನಿಜ ಹೆಸರು ಬಳಸುವುದಿಲ್ಲ. ಇವರ ಅಡ್ಡಹೆಸರಿಗೆ ಬೂದು ಕೊಕ್ಕರೆ ಎಂಬ ಅರ್ಥವಿತ್ತು. ಗಂಡೋ ಹೆಣ್ಣೋ ಕೊನೆಯವರೆಗೂ ತಿಳಿಯಲಿಲ್ಲ. ನಾನು ಮನಸ್ಸಿನಲ್ಲಿ ಕೊಕ್ಕರೆ ಎಂದೇ ಕರೆಯುತ್ತಿದ್ದೆ. ಕೊಕ್ಕರೆ ಬರೆದಿದ್ದು ಇಷ್ಟು: ನಿಮ್ಮ ಮೇಲೆ ನನಗೆ ಅನುಮಾನವಿಲ್ಲ. ಆದರೆ ಯಾರ ಹೆಸರು, ವಿಳಾಸವನ್ನೂ ಅವರನ್ನು ಕೇಳದೆ ಇಲ್ಲಿ ಹಾಕುವಂತಿಲ್ಲ. ಪ್ರತಿ ವಿಭಾಗದ ತಲೆಯ ಮೇಲೆ ನಿಯಮಗಳಿವೆ, ಓದಿ. ಒಂದು ತಿಂಗಳು ಏನೂ ಬರೆಯದೆ ಓದಿ. ಆಮೇಲೆ ನಿಮಗೆ ಗೊತ್ತಿರುವುದನ್ನು ಕೇಳಿದವರಿಗೆ ಹೇಳಿ. ನಿಮಗೆ ಬೇಕಾದ್ದನ್ನು ಕೊನೆಗೆ ಕೇಳಿ.

ವಿಳಾಸದ ಮಾತು ನನಗೆ ಚುಚ್ಚಿತು. ಯಾರ ಟಪಾಲು ಎಲ್ಲಿಂದ ಬರುತ್ತದೆ, ಯಾರ ಮನೆ ಎಲ್ಲಿದೆ ಎಂದು ಮೂರನೆಯವರಿಗೆ ಹೇಳಬಾರದೆಂಬುದು ನನ್ನ ಇಲಾಖೆ ಮೊದಲ ದಿನವೇ ಕಲಿಸಿದ ನಿಯಮ. ಅಷ್ಟು ವರ್ಷ ಪಾಲಿಸಿದ್ದನ್ನು ಕಂಪ್ಯೂಟರ್ ಮುಂದೆ ಕುಳಿತ ಕೂಡಲೇ ಮರೆತಿದ್ದೆ.

ಆಗಸ್ಟ್ ಪೂರ್ತಿ ಓದಿದೆ. ಆ ಗದ್ದಲಕ್ಕೂ ಒಂದು ಕ್ರಮವಿತ್ತು. ವಿಭಾಗಗಳು ನಮ್ಮ ಟಪಾಲು ವಿಂಗಡಿಸುವ ಗೂಡುಗಳಂತೆ. ತಪ್ಪು ಗೂಡಿಗೆ ಬಿದ್ದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ನೂರು ಸಲ ಉತ್ತರ ಕೊಟ್ಟ ಪ್ರಶ್ನೆಯನ್ನು ಹುಡುಕದೆ ಮತ್ತೆ ಕೇಳಿದರೆ ಹಳಬರಿಗೆ ಸಿಟ್ಟು. ಒರಟಾಗಿ ಮಾತಾಡುವ ಒಬ್ಬ ಹಳಬನೇ ಕಾಯಿಲೆ ಬಿದ್ದ ಅಪರಿಚಿತನಿಗೆ ಮೂರು ದಿನ ಬಿಡದೆ ದಾರಿ ಹೇಳುತ್ತಿದ್ದ. ಲಕ್ಷಗಟ್ಟಲೆ ಜನರಿದ್ದರೂ ದಿನಾ ಮಾತಾಡುವವರು ಕೆಲವರೇ. ಅವರಿಗೆ ಒಬ್ಬರೊಬ್ಬರ ಮಾತಿನ ಧಾಟಿ ಗೊತ್ತಿತ್ತು.

ಸೆಪ್ಟೆಂಬರ್‌ನಿಂದ ಉತ್ತರ ಕೊಡತೊಡಗಿದೆ. ಹೊಸಪೇಟೆಯಿಂದ ಹಂಪಿಗೆ ಬಸ್ ಎಷ್ಟು ಹೊತ್ತಿಗೆ, ಹೊಳೆ ತುಂಬಿದಾಗ ಹರಿಗೋಲು ಹಾಕುತ್ತಾರೋ ಇಲ್ಲವೋ, ವಿದೇಶಕ್ಕೆ ಕಳಿಸುವ ಪಾರ್ಸೆಲ್ಲಿಗೆ ಬಟ್ಟೆ ಹೊಲಿಸಿ ಅರಗು ಹಾಕಿಸುವುದು ಹೇಗೆ. ಸಂಡೂರು ಕಡೆ ಸೈಕಲ್ಲಿನಲ್ಲಿ ಹೊರಟವರಿಗೆ ಲಾರಿಗಳ ಹಾವಳಿ ತಿಳಿಸಿ ಬೇರೆ ದಾರಿ ಹೇಳಿದೆ. ಜನ ಧನ್ಯವಾದ ಹೇಳತೊಡಗಿದರು. ಭಾನುವಾರಕ್ಕಾಗಿ ಕಾಯುವಂತಾಯಿತು.

ಹುಲಿಗೆಮ್ಮ ಪ್ರತಿ ಸೋಮವಾರ ಕೆಲಸಕ್ಕೆ ಹೋಗುವ ಮುಂಚೆ ಕೌಂಟರ್ ಬಳಿ ನಿಲ್ಲುತ್ತಿದ್ದಳು. ಫೋರಂ ಎಂಬುದು ಆಕೆಯ ಲೆಕ್ಕದಲ್ಲಿ ಒಂದು ಊರು.

"ಏನಂತ್ರಿ ನಿಮ್ಮೂರು?"

"ಇನ್ನೂ ಮಾತು ಕಲಿಯಾಕತ್ತೀನವ್ವ."

"ಕಲೀರಿ. ನನಗೇನು ಅವಸರಿಲ್ಲ" ಎನ್ನುತ್ತಿದ್ದಳು. ಹಾಗೆ ಹೇಳುವಾಗ ಆಕೆಯ ಕಣ್ಣು ನನ್ನ ಹಿಂದಿದ್ದ ಟಪಾಲು ಗೂಡುಗಳ ಮೇಲೇ ಇರುತ್ತಿತ್ತು.

ನವೆಂಬರ್‌ನಲ್ಲಿ ಕೊಕ್ಕರೆ, ಈಗ ಬರೆಯಿರಿ ಎಂದಿತು. ತೊಂಬತ್ತರ ದಶಕದಲ್ಲಿ ಹಂಪಿ ಕಂಡವರ ಹಳೆಯ ಥ್ರೆಡ್ಡಿನಲ್ಲಿ ಎಂಟು ಸಾಲು ಬರೆದೆ. ಯಾರ ಹೆಸರೂ ಇಲ್ಲ. ಕಲ್ಲುಗಳ ಚಿತ್ರ ಬರೆಯುತ್ತಿದ್ದ ತಾಯಿ, ಆಕೆಗೆ ಬಂದ ಕಾಮಾಲೆ, ಕೂಸಿಗೆ ಹಾಲೂಡಿಸಿದ ಇಲ್ಲಿನ ಹೆಂಗಸು. ಗೊತ್ತಿದ್ದವರು ನನಗೆ ತಿಳಿಸಿ. ನಾನು ವಿಳಾಸ ಕೇಳುವುದಿಲ್ಲ, ಕಾಗದ ಮುಟ್ಟಿಸುತ್ತೇನೆ, ಅಷ್ಟೇ ಎಂದೆ.

ಈ ಸಲ ಯಾರೂ ಬೈಯಲಿಲ್ಲ. ಆ ವರ್ಷ ಹಂಪಿಯಲ್ಲಿದ್ದವರು ಒಬ್ಬೊಬ್ಬರಾಗಿ ಮಾತಾಡಿದರು. ಒಬ್ಬರಿಗೆ ಬಂಡೆಯ ಮೇಲೆ ಕುಳಿತು ಚಿತ್ರ ಬರೆಯುತ್ತಿದ್ದವಳ ನೆನಪಿತ್ತು. ಇನ್ನೊಬ್ಬರು ಕೂಸನ್ನು ಎತ್ತಿಕೊಂಡ ಹೆಂಗಸನ್ನು ಕಂಡಿದ್ದರು. ಶಾಹೀನ್ ಅದನ್ನೆಲ್ಲ ಪ್ರಿಂಟ್ ಮಾಡಿಕೊಟ್ಟಳು. ನಾನು ಓದಿ ಕನ್ನಡದಲ್ಲಿ ಹೇಳಿದಾಗ ಹುಲಿಗೆಮ್ಮ, "ನನ್ನ ನೋಡಿದೋರು ಅಷ್ಟು ದೂರದಾಗ ಅದಾರೇನ್ರಿ!" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಜನವರಿಯಲ್ಲಿ ಒಂದು ಸಂದೇಶ ಬಂತು. ಬರೆದವಳು ಆ ತಾಯಿಯ ಅಕ್ಕ. ನಂಬಿಕೆಗಾಗಿ, ಇಲ್ಲಿ ಮಗುವನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿದೆ. ಸರಿಯಾದ ಉತ್ತರ ಬಂತು. ಆಮೇಲೆ ಉಳಿದ ಸುದ್ದಿ. ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಈ ದೊಡ್ಡಮ್ಮನ ಮನೆಯಲ್ಲೇ ಬೆಳೆಯುತ್ತಿದ್ದಳು. ದೊಡ್ಡಮ್ಮ ಬರೆದಿದ್ದು ಇಷ್ಟು: ಅಮ್ಮನ ಸಾವಿನಿಂದ ಈಚೆಗಷ್ಟೇ ಚೇತರಿಸಿಕೊಂಡಿದ್ದಾಳೆ. ಇನ್ನೊಬ್ಬ ಅಮ್ಮನ ಸುದ್ದಿಯನ್ನು ಈಗ ಹೇಳಲು ನನಗೆ ಧೈರ್ಯವಿಲ್ಲ. ಅವಳು ತಾನಾಗಿ ಕೇಳಿದ ದಿನ ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಬರೆಯಬೇಡಿ.

ಅದೇ ದಿನ ಇನ್ನೊಂದು ಸಂದೇಶವೂ ಇತ್ತು. ನಮ್ಮ ಕಥೆ ಓದಿ ಕರಗಿದ ಸದಸ್ಯನೊಬ್ಬ ನನ್ನ ಮೊದಲ ಬರಹ ಅಳಿಸುವ ಮುಂಚೆ ಕಂಡಿದ್ದ ಹೆಸರು ಹಿಡಿದು, ತಾನಾಗಿ ಹುಡುಕಾಡಿ ದೊಡ್ಡಮ್ಮನ ಮನೆ ಪತ್ತೆ ಮಾಡಿದ್ದ. ಹೂಂ ಎಂದರೆ ವಿಳಾಸ ಕಳಿಸುತ್ತೇನೆ ಎಂದಿದ್ದ. ನಾನು ತುಂಬಾ ಹೊತ್ತು ಆ ಸಾಲನ್ನೇ ನೋಡುತ್ತ ಕುಳಿತೆ. ಒಂದೇ ಒಂದು ಕಾಗದ, ಯಾರಿಗೇನು ನಷ್ಟ ಎನಿಸಿತು. ಕೊನೆಗೆ ಉತ್ತರ ಕೊಡದೆ ಎದ್ದೆ.

ಸೋಮವಾರ ಹುಲಿಗೆಮ್ಮನಿಗೆ ಎಲ್ಲವನ್ನೂ ಹೇಳಿದೆ. ತಾಯಿ ಸತ್ತಳೆಂದು ಕೇಳಿ ಬೆಂಚಿನ ಮೇಲೆ ಕುಳಿತು ಅತ್ತಳು. ಕೌಂಟರ್ ಮುಂದಿದ್ದ ಇಬ್ಬರು ಸುಮ್ಮನೆ ಹೊರಗೆ ಹೋಗಿ ನಿಂತರು. ಆಮೇಲೆ ವಿಳಾಸದ ಮಾತೆತ್ತಿದೆ.

"ಅದನ್ನ ಅವರ ದೊಡ್ಡವ್ವ ಕೊಟ್ಟಾರೇನ್ರಿ?"

"ಇಲ್ಲವ್ವ. ಬ್ಯಾರೆದವರು ಹುಡಿಕ್ಯಾರ."

"ಹಂಗಾದ್ರ ಬ್ಯಾಡ್ರಿ." ಕಣ್ಣೊರೆಸಿಕೊಂಡು, "ಕೂಸು ಈಗಷ್ಟ ಅಳೋದು ನಿಲ್ಲಿಸೈತಿ ಅಂತೀರಿ. ನಾ ಯಾಕ ಅಳಸ್ಲಿ? ಚಲೋ ಉಣ್ತಾಳಂತೇನು, ಅದನ್ನೊಂದು ಕೇಳ್ರಿ" ಎಂದಳು.

ಆ ಒಂದು ಪ್ರಶ್ನೆಯನ್ನು ದೊಡ್ಡಮ್ಮನಿಗೆ ಕಳಿಸಿದೆ. ಹತ್ತು ದಿನಕ್ಕೆ ಉತ್ತರದ ಜೊತೆ ಒಂದು ಫೋಟೋ ಬಂತು. ಸೈಕಲ್ ಮೇಲೆ ಹೋಗುತ್ತಿರುವ ಹುಡುಗಿ, ಬೆನ್ನು ಮಾತ್ರ ಕಾಣುತ್ತದೆ. ಚೆನ್ನಾಗಿ ಉಣ್ಣುತ್ತಾಳೆ, ಅನ್ನ ಎಂದರೆ ಇಷ್ಟ ಎಂದು ಬರೆದಿತ್ತು. ಹುಲಿಗೆಮ್ಮ ಆ ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದು, "ಭಾಳ ಎತ್ತರ ಆಗ್ಯಾಳ್ರಿ" ಎಂದಳು. ಮುಖ ಯಾಕಿಲ್ಲ ಎಂದು ಕೇಳಲಿಲ್ಲ.

ಮುಂದೆ ನನಗೆ ಕಂಪ್ಲಿಗೆ ವರ್ಗವಾಯಿತು, ಅಲ್ಲೇ ನಿವೃತ್ತನಾದೆ. ಗಣಿಗಳು ನಿಂತು ರಸ್ತೆಗಳು ಖಾಲಿಯಾದವು. ಫೋರಂನಲ್ಲೂ ಜನ ಕಡಿಮೆಯಾಗುತ್ತ ಬಂದರು. ಒಂದು ದಿನ ಕೊಕ್ಕರೆಯೂ ಬರೆಯುವುದನ್ನು ನಿಲ್ಲಿಸಿತು. ಹುಡುಗಿಗೆ ಹದಿನೆಂಟು ತುಂಬಿತು, ಇಪ್ಪತ್ತೂ ದಾಟಿತು. ಅವಳು ಹುಲಿಗೆಮ್ಮನ ಬಗ್ಗೆ ಕೇಳಿದಳೆಂಬ ಸುದ್ದಿ ಬರಲಿಲ್ಲ. ಭಾನುವಾರ ಬೆಳಿಗ್ಗೆ ಈಗಲೂ ನನಗೆ ಎಲ್ಲಿಗೋ ಹೋಗಬೇಕಾಗಿತ್ತು ಎನಿಸುತ್ತದೆ. ಮುಖ ಕಾಣದೆ ಜೊತೆಗಿದ್ದ ಆ ಜನ ಎಲ್ಲೆಲ್ಲಿದ್ದಾರೋ.

ಫೋರಂ ಮುಚ್ಚುತ್ತದೆಂಬ ಸೂಚನೆ ಬಂದಾಗ ದೊಡ್ಡಮ್ಮನಿಗೆ ಕೊನೆಯ ಸಂದೇಶ ಬರೆಯಲು ಕುಳಿತೆ. ನನ್ನ ಕಂಪ್ಲಿ ಮನೆಯ ವಿಳಾಸ ಕೊಡುತ್ತೇನೆ ಎಂದು ಮೊದಲೇ ಹೋಗಿ ಹುಲಿಗೆಮ್ಮನಿಗೆ ತಿಳಿಸಿದ್ದೆ.

"ನಂದೂ ಬರೀರಿ ಸಾಹೇಬ್ರ" ಎಂದಿದ್ದಳು. "ನನ್ನ ಮನಿ ನಂದ ಐತಲ್ರಿ. ಅದನ್ನ ಕೊಡಾಕ ಯಾರನ್ನ ಕೇಳಬೇಕು?"

ಎರಡೂ ವಿಳಾಸಗಳನ್ನು ಬರೆದು ಕಳಿಸಿದೆ.

ಇನ್ನೊಬ್ಬರ ಬಾಗಿಲು ಹುಡುಕಿಕೊಡುವುದೇ ನನ್ನ ಕೆಲಸವೆಂದು ಬಹಳ ಕಾಲ ನಂಬಿದ್ದೆ. ಬಾಗಿಲು ತೆರೆಯುವ ಹಕ್ಕು ಒಳಗಿರುವವರದು. ನಾವು ಕೊಡಬಹುದಾದದ್ದು ನಮ್ಮ ವಿಳಾಸ ಮಾತ್ರ. ಕೊಟ್ಟ ಮೇಲೆ ಮನೆಯಲ್ಲಿರಬೇಕು. ಹುಲಿಗೆಮ್ಮ ಮನೆಯಲ್ಲಿದ್ದಾಳೆ. ಹೊಸಪೇಟೆ ಸೇರಿದ ಮಕ್ಕಳು ಅಲ್ಲಿಗೆ ಬಂದಿರು ಎಂದರೂ ಹೋಗಿಲ್ಲ.