ಅಮೆರಿಕದ ಮೇಷ್ಟ್ರ ಹಡಗು ಮತ್ತು ನಮ್ಮ ಫೈಲು

ಯುಎಇಯ ಅಲ್ ಐನ್‌ನ ಒಂದು ಖಾಸಗಿ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ನಾನು ಹನ್ನೊಂದು ವರ್ಷ ಮುಖ್ಯಸ್ಥನಾಗಿದ್ದೆ. ವಿಭಾಗದಲ್ಲಿ ನನ್ನನ್ನು ಬಿಟ್ಟು ಇನ್ನೊಬ್ಬರಿರಲಿಲ್ಲವಾದ್ದರಿಂದ ಆಡಳಿತ ಸುಗಮವಾಗಿತ್ತು. ಅದಕ್ಕೂ ಮೊದಲು ಮೈಸೂರಿನ ಒಂದು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಹದಿನೆಂಟು ವರ್ಷ ದೂಳು ಕುಡಿದವನು. ಎರಡೂ ಕಡೆ ಸೇರಿ ನಾನು ಕಲಿತದ್ದು ಒಂದೇ ವಿದ್ಯೆ: ರೋಗಿಯ ಬಾಯಿಂದ ಬಂದದ್ದನ್ನು ಬಿಡದೆ ಬರೆದಿಡುವುದು. ಈ ವಿದ್ಯೆಯಿಂದ ಯಾರಿಗಾದರೂ ಉಪಕಾರವಾಗಿದೆಯೋ ತಿಳಿಯದು. ಒಬ್ಬರಿಗೆ ಆದ ಅಪಕಾರ ಮಾತ್ರ ಚೆನ್ನಾಗಿ ಗೊತ್ತು.

ಅವರು ಅಮೆರಿಕದವರು. ಅಲ್ ಐನ್‌ನಲ್ಲೇ ಒಂದು ತಾಂತ್ರಿಕ ಶಾಲೆಯಲ್ಲಿ ಹುಡುಗರಿಗೆ ಬಾಯ್ಲರ್ ಪಾಠ ಹೇಳುತ್ತಿದ್ದರು. ನಾವು ಅವರನ್ನು ಅಮೆರಿಕದ ಮೇಷ್ಟ್ರು ಎನ್ನುತ್ತಿದ್ದೆವು. ನನಗಿಂತ ನಾಲ್ಕು ವರ್ಷ ಚಿಕ್ಕವರು. ನೋಡಿದರೆ ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ಇಪ್ಪತ್ತರ ಹರೆಯದಲ್ಲಿ ತಮ್ಮ ದೇಶದ ಒಂದು ವಿಮಾನವಾಹಕ ಹಡಗಿನಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಬಾಯ್ಲರ್ ಮತ್ತು ಪೈಪುಗಳ ಸೇವೆ ಮಾಡಿದ್ದರು. ಆ ಪೈಪುಗಳಿಗೆ ಸುತ್ತಿದ್ದ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ದೂಳು ಮೂವತ್ತು ವರ್ಷ ಸುಮ್ಮನಿದ್ದು, ಈಗ ಶ್ವಾಸಕೋಶದಲ್ಲಿ ತನ್ನ ಬಾಡಿಗೆದಾರನ ಹಕ್ಕು ಸ್ಥಾಪಿಸಿತ್ತು. ಹೋದಲ್ಲೆಲ್ಲ ಚಕ್ರದ ಮೇಲೆ ಒಂದು ಸಣ್ಣ ಆಕ್ಸಿಜನ್ ಸಿಲಿಂಡರನ್ನು ಎಳೆದುಕೊಂಡು ಬರುತ್ತಿದ್ದರು.

ಎರಡು ಸಾವಿರದ ಹದಿನೈದರ ಮಾರ್ಚ್ ತಿಂಗಳು. ಅವರಿಗೆ ಬೇಕಾಗಿದ್ದದ್ದು ಒಂದೇ. ಅವರ ಹಳೆಯ ಹಡಗನ್ನು ಗುಜರಿಗೆ ಕೊಟ್ಟಿದ್ದರು. ಕೊಂಡವರು ಕೊಟ್ಟ ಬೆಲೆ ಒಂದು ಸೆಂಟ್. ಚೌಕಾಸಿ ನಡೆದಿತ್ತೋ ಇಲ್ಲವೋ ಮೇಷ್ಟ್ರಿಗೂ ಗೊತ್ತಿರಲಿಲ್ಲ. ಅಮೆರಿಕದ ಪಶ್ಚಿಮ ತೀರದಲ್ಲಿ ಇಪ್ಪತ್ತು ವರ್ಷ ಕಟ್ಟಿಹಾಕಿದ್ದ ಹಡಗನ್ನು ಈಗ ಟೆಕ್ಸಾಸಿನ ಒಂದು ದಡಕ್ಕೆ ಒಯ್ದು ಕತ್ತರಿಸುವುದು. ಪನಾಮಾ ಕಾಲುವೆಯಲ್ಲಿ ಅದು ಹಿಡಿಸುವುದಿಲ್ಲ. ಆದ್ದರಿಂದ ಒಂದು ಟಗ್ ದೋಣಿ ಅದನ್ನು ಹಗ್ಗ ಕಟ್ಟಿ ಎಳೆದುಕೊಂಡು ದಕ್ಷಿಣ ಅಮೆರಿಕವನ್ನೆಲ್ಲ ಬಳಸಿ ಹೋಗಬೇಕು. ನಾಲ್ಕೈದು ತಿಂಗಳ ಪ್ರಯಾಣ. ಆ ದಡದಿಂದ ಅರ್ಧ ದಿನದ ದಾರಿಯಲ್ಲಿ ಮೇಷ್ಟ್ರ ಅಕ್ಕನ ಮನೆ. ಹಡಗು ಬಂದು ಸೇರುವ ದಿನ ಆ ದಡದ ಮೇಲೆ ನಿಂತಿರಬೇಕು ಎನ್ನುವುದು ಅವರ ಆಸೆ.

"ಅವಳಿಗೆ ಅವಸರವಿಲ್ಲ. ನನಗೂ ಸಮಯ ಸಿಗುತ್ತೆ," ಎಂದು ಅವರು ಹಡಗನ್ನು ಕುರಿತು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ನಾನು ಖಂಡಿತ ಎಂದೆ.

ಆದರೆ ಸಿಲಿಂಡರ್ ಹಿಡಿದವರನ್ನು ವಿಮಾನದವರು ಹಾಗೇ ಹತ್ತಿಸಿಕೊಳ್ಳುವುದಿಲ್ಲ. ಒಳಗೆ ಆಕ್ಸಿಜನ್ ವ್ಯವಸ್ಥೆಯಾಗಬೇಕು, ಜೊತೆಗೊಬ್ಬ ನರ್ಸ್ ಹೋಗಬೇಕು. ಅದಕ್ಕೆ ಅಬುಧಾಬಿಯ ಒಂದು ವಿಮಾ ಕಚೇರಿ ಮಂಜೂರಾತಿ ಕೊಡಬೇಕು. ಮಂಜೂರಾತಿಗೆ ಆಸ್ಪತ್ರೆಯಿಂದ ರೋಗಿಯ ಪೂರ್ವ ಚರಿತ್ರೆ ಹೋಗಬೇಕು. ಪೂರ್ವ ಚರಿತ್ರೆ ಬರೆಯುವ ಘನ ಜವಾಬ್ದಾರಿ ದಾಖಲೆ ವಿಭಾಗದ್ದು.

ಹಾಳೆ ಮುಂದಿಟ್ಟುಕೊಂಡು, ಹಿಂದೆ ಎಲ್ಲಿ ಕೆಲಸ ಮಾಡಿದ್ದಿರಿ ಎಂದು ಕೇಳಿದೆ. ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಅವರು ಹೇಳಿದ್ದು ತಮ್ಮ ಕಥೆಯಲ್ಲ, ಹಡಗಿನದು. ಐವತ್ತರ ದಶಕದಲ್ಲಿ, ಅಂದರೆ ತಾವು ಹುಟ್ಟುವುದಕ್ಕೂ ಮೊದಲು, ಅದಕ್ಕೆ ಅಡಿಗಟ್ಟು ಹಾಕಿದಲ್ಲಿಂದ ಶುರು. ವಿಮಾನ ಇಳಿಯುವ ಓರೆ ಅಟ್ಟವನ್ನು ನಕ್ಷೆಯಲ್ಲೇ ಸೇರಿಸಿಕೊಂಡು ಹುಟ್ಟಿದವಳು ಅವಳು. ಅವಳ ಅಕ್ಕ ಹಡಗುಗಳ ಹಾಗೆ ಆಮೇಲೆ ತಿದ್ದಿಸಿಕೊಂಡವಳಲ್ಲ. ವಿಯೆಟ್ನಾಂ ಯುದ್ಧಕ್ಕೆ ಎಷ್ಟೋ ಸಲ ಹೋಗಿ ಬಂದದ್ದು. ಎಂಬತ್ತರ ದಶಕದ ಆರಂಭದಲ್ಲಿ ಚೀನಾ ಸಮುದ್ರದಲ್ಲಿ ಒಂದು ದೋಣಿ ತುಂಬ ನಿರಾಶ್ರಿತರನ್ನು ಮೇಲೆತ್ತಿಕೊಂಡದ್ದು. ಆಗ ಮೇಷ್ಟ್ರು ಹಡಗಿಗೆ ಹೊಸಬರು, ಕಂಬಳಿ ಹಂಚಿದವರಲ್ಲಿ ಒಬ್ಬರು. ಅದಾದ ಒಂದೆರಡು ವರ್ಷಕ್ಕೆ ಎಂಜಿನ್ ಕೋಣೆಗೆ ಬೆಂಕಿ ಬಿದ್ದು ಆರು ಜನ ಸತ್ತದ್ದು.

"ಎಲ್ಲಿ?" ಎಂದು ಕೇಳಿದೆ.

"ಇಲ್ಲೇ. ಅರಬ್ಬೀ ಸಮುದ್ರದಲ್ಲಿ," ಎಂದರು, ಪಕ್ಕದ ಬೀದಿ ತೋರಿಸುವ ಹಾಗೆ. ಆ ಹೊಗೆಯನ್ನು ತಾವೂ ಕುಡಿದದ್ದನ್ನು ಹೇಳಿದರು.

ನಾನು ಎಲ್ಲವನ್ನೂ ಬರೆದುಕೊಂಡೆ. ಕಂಬಳಿ ಬರೆದೆ, ಹೊಗೆ ಬರೆದೆ. ಎರಡೂವರೆ ಪುಟವಾಯಿತು. ಅಂಥ ಪೂರ್ವ ಚರಿತ್ರೆ ನಮ್ಮ ಆಸ್ಪತ್ರೆಯಿಂದ ಹಿಂದೆಂದೂ ಹೋಗಿರಲಿಲ್ಲ. ಟೈಪು ಮಾಡಿ ಅಬುಧಾಬಿಗೆ ಕಳಿಸಿ, ಆ ದಿನ ಮನೆಗೆ ಹೋಗಿ ಹೆಂಡತಿಯ ಮುಂದೆ ಹೆಮ್ಮೆಪಟ್ಟೆ. ಅವಳು ಅನ್ನ ತಣ್ಣಗಾಗುತ್ತೆ ಎಂದಳು.

ಹತ್ತು ದಿನಕ್ಕೆ ಉತ್ತರ ಬಂತು. ಮಂಜೂರಾತಿಯಲ್ಲ, ಪ್ರಶ್ನೆ: ‘ರೋಗಿಯು ನಿರಾಶ್ರಿತರ ನಿಕಟ ಸಂಪರ್ಕಕ್ಕೆ ಬಂದಿರುವುದಾಗಿ ತಿಳಿಸಲಾಗಿದೆ. ಕ್ಷಯರೋಗ ಇಲ್ಲವೆಂಬ ವರದಿ ಲಗತ್ತಿಸಿ.’

ವರದಿಗೆ ಕಫವನ್ನು ಪ್ರಯೋಗಾಲಯದಲ್ಲಿಟ್ಟು, ಆ ಕ್ರಿಮಿ ಬೆಳೆಯುತ್ತದೋ ಇಲ್ಲವೋ ಎಂದು ಆರು ವಾರ ಕಾಯಬೇಕು. ಈ ಸುದ್ದಿಯನ್ನು ನಾನು ಎದೆರೋಗದ ವಾರ್ಡಿನ ಸಿಸ್ಟರಿಗೆ ತಿಳಿಸಿದೆ. ಅವರು ಮಂಗಳೂರಿನ ಕಡೆಯ ಕ್ರಿಶ್ಚಿಯನ್ನರು; ಮನೆಯಲ್ಲಿ ಕೊಂಕಣಿ, ರೋಗಿಗಳಿಗೆ ಇಂಗ್ಲಿಷು, ಬೈಯಲಿಕ್ಕೆ ಕನ್ನಡ.

"ಎಂಥದು ಮಾರಾಯ್ರೆ ಇದು? ಕಂಬಳಿ ಕೊಟ್ಟದ್ದನ್ನೆಲ್ಲ ಬರೀಲಿಕ್ಕೆ ಹೇಳಿದ್ದು ಯಾರು ನಿಮಗೆ?"

"ಅವರೇ ಹೇಳಿದ್ರಲ್ಲ ಸಿಸ್ಟರ್. ಹೇಳಿದ್ದನ್ನ ಬರೀದೇ ಇರೋಕಾಗತ್ತಾ?"

"‘ಹಡಗಿನಲ್ಲಿ ಕೆಲಸ’ ಅಂತ ಎರಡು ಶಬ್ದ ಬರೆದಿದ್ರೆ ಸಾಕಿತ್ತು. ಅವರು ಇಷ್ಟು ಹೊತ್ತಿಗೆ ಅಕ್ಕನ ಮನೇಲಿ ಕಾಫಿ ಕುಡೀತಿದ್ರು. ನೀವು ಪುರಾಣ ಬರೆದದ್ದು."

"ಅಳಿಸಿಬಿಡೋಣ ಅಂದ್ರೆ ಸಿಸ್ಟಮ್‌ನಲ್ಲಿ ಆಗಲ್ಲ. ಒಂದು ಸಲ ಹೋದದ್ದು ಹೋಯ್ತು. ತಿದ್ದುಪಡಿ ಅಂತ ಬೇಕಾದ್ರೆ ಸೇರಿಸಬಹುದು. ಸೇರಿಸಿದ್ರೆ ಅದಕ್ಕೆ ಬೇರೆ ಪ್ರಶ್ನೆ ಬರತ್ತೆ."

"ಹಾಗಾದ್ರೆ ಸುಮ್ನೆ ಇರಿ. ಇನ್ನು ಪೆನ್ನು ಮುಟ್ಟಬೇಡಿ, ದಮ್ಮಯ್ಯ."

ಮೇಷ್ಟ್ರು ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ವಾರಕ್ಕೊಮ್ಮೆ ತಪಾಸಣೆಗೆ ಬಂದವರು ನನ್ನ ಕೋಣೆಯಲ್ಲೂ ಹತ್ತು ನಿಮಿಷ ಕೂತು ಫೋನಿನಲ್ಲಿ ಹಡಗು ಎಲ್ಲಿದೆ ಎಂದು ತೋರಿಸುತ್ತಿದ್ದರು. ಹಡಗು ಮೆಕ್ಸಿಕೋ ದಾಟಿದಾಗ ನಮ್ಮ ಕಫ ಪ್ರಯೋಗಾಲಯಕ್ಕೆ ಹೋಗಿತ್ತು. ಹಡಗು ಚಿಲಿ ದೇಶದ ಮಗ್ಗುಲಲ್ಲಿದ್ದಾಗ ಕಫ ಅಲ್ಲೇ ಇತ್ತು. ಖಂಡದ ತುದಿಯಲ್ಲಿ ಬಿರುಗಾಳಿಯ ಒಂದು ಜಲಸಂಧಿಯಿದೆಯಂತೆ. ಅದನ್ನು ದಾಟುವ ವಾರ ಅವರು ಎರಡು ಸಲ ಬಂದರು.

"ಇವರ ಹಡಗು ನಡ್ಕೊಂಡು ಹೋಗ್ತಾ ಉಂಟಾ?" ಎಂದು ಸಿಸ್ಟರ್ ಕೇಳಿದ್ದರು.

ನಡೆದುಕೊಂಡೇ ಹೋಗುತ್ತಿತ್ತು ಎನ್ನಬಹುದು. ಎಂಜಿನ್ ಇಲ್ಲ, ದೀಪವಿಲ್ಲ, ಒಳಗೆ ಒಬ್ಬ ಮನುಷ್ಯನಿಲ್ಲ. ಐದು ಸಾವಿರ ಜನ ಇದ್ದ ಊರದು ಎಂದು ಮೇಷ್ಟ್ರು ಹೇಳಿದ್ದರು. ಆದರೂ ಅದು ನಮ್ಮ ಫೈಲಿಗಿಂತ ಚುರುಕಾಗಿತ್ತು.

ಜೂನ್ ಮೊದಲ ವಾರ ಕ್ಷಯ ಇಲ್ಲವೆಂದು ವರದಿ ಬಂತು. ಕಳಿಸಿದೆ. ಮೂರನೆಯ ದಿನ ಎರಡನೆಯ ಪ್ರಶ್ನೆ ಬಂತು: ‘ಬೆಂಕಿ ಅವಘಡದಲ್ಲಿ ರೋಗಿಯು ಹೊಗೆ ಸೇವಿಸಿದ್ದಾಗಿ ತಿಳಿಸಲಾಗಿದೆ. ಆ ಸಮಯದ ಚಿಕಿತ್ಸಾ ದಾಖಲೆ ಲಗತ್ತಿಸಿ.’

ಈ ಹೊತ್ತಿಗೆ ಮೇಷ್ಟ್ರನ್ನು ವಾರ್ಡಿಗೆ ಸೇರಿಸಿದ್ದರು. ಮಂಚದ ಪಕ್ಕ ನಿಂತು, ಆಗ ಹಡಗಿನ ವೈದ್ಯರು ಕೊಟ್ಟ ಚೀಟಿ ಏನಾದರೂ ಇದೆಯೇ ಎಂದು ಕೇಳಿದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಕೋಪದಿಂದಲ್ಲ, ಪಾಠ ಅರ್ಥವಾಗದ ಹುಡುಗನನ್ನು ನೋಡುವ ಹಾಗೆ.

"ಕೆಳಗೆ ಆರು ಜನ ಸತ್ತಿದ್ದರು," ಎಂದರು. "ಮೇಲೆ ಹೋಗಿ ನನಗೆ ಕೆಮ್ಮು ಅಂತ ಹೇಳಬೇಕಿತ್ತೇ?"

ಚೀಟಿ ಇರಲಿಲ್ಲ. ಹಾಗೆಂದು ಬರೆದೆ. ಅಂಥ ದಾಖಲೆ ಇಲ್ಲವೆಂದು ಸಂಬಂಧಪಟ್ಟ ಹಡಗಿನ ಅಧಿಕಾರಿಗಳಿಂದ ದೃಢೀಕರಣ ತನ್ನಿ ಎಂದು ಉತ್ತರ ಬಂತು. ಸಂಬಂಧಪಟ್ಟ ಹಡಗು ಆಗ ಬ್ರೆಜಿಲಿನ ಬಳಿ ಹಗ್ಗದ ತುದಿಯಲ್ಲಿ ಬರುತ್ತಿತ್ತು. ಅಧಿಕಾರಿಗಳ ಪೈಕಿ ಅದರ ಮೇಲೆ ಉಳಿದಿದ್ದರೆ ಕಡಲ ಹಕ್ಕಿಗಳು ಉಳಿದಿರಬೇಕು.

ನಾನೇ ಹೋಗಿ ಕೈಕಾಲು ಹಿಡಿಯೋಣವೆಂದು ಒಂದು ದಿನ ರಜೆ ಹಾಕಿ ಅಬುಧಾಬಿಯ ಬಸ್ಸು ಹತ್ತಿದೆ. ರಂಜಾನ್ ತಿಂಗಳು, ಜೂನ್ ಕೊನೆಯ ಬಿಸಿಲು. ಹೊರಗೆ ಒಂದು ಗುಟುಕು ನೀರು ಕುಡಿಯುವ ಹಾಗಿಲ್ಲ. ಎಲೆಕ್ಟ್ರಾ ಸ್ಟ್ರೀಟಿನ ಹಿಂದೆ, ಮೊಬೈಲ್ ರಿಪೇರಿ ಅಂಗಡಿಯ ಮೇಲೆ ಆ ಕಚೇರಿ. ಮಧ್ಯಾಹ್ನ ಎರಡಕ್ಕೆ ಬಾಗಿಲು ಮುಚ್ಚುತ್ತಾರೆ. ನಾನು ಒಂದೂಕಾಲಿಗೆ ತಲುಪಿ ಟೋಕನ್ ತೆಗೆದುಕೊಂಡೆ. ಕೌಂಟರಿನ ಹುಡುಗಿಯ ಇಂಗ್ಲಿಷಿನಲ್ಲೇ ಬೆಂಗಳೂರು ಕಾಣಿಸಿತು. ಕನ್ನಡದಲ್ಲಿ ಮಾತಾಡಿಸಿದೆ. ಅವಳ ಮುಖ ಅರಳಿತು. ನನಗೂ ಜೀವ ಬಂತು.

"ಓ, ಅದು ನೀವು ಬರ್ದಿದ್ದಾ ಅಂಕಲ್? ಶಿಪ್ ಫೈಲು! ನಮ್ ಆಫೀಸಲ್ಲಿ ಎಲ್ರೂ ಓದಿದೀವಿ. ಸೂಪರಾಗಿದೆ."

"ಮಂಜೂರು ಮಾಡಿಸಮ್ಮ. ಅವರಿಗೆ ಟೈಮಿಲ್ಲ."

"ನನ್ ಕೈಲಿದ್ರೆ ಈಗ್ಲೇ ಮಾಡ್ತಿದ್ದೆ ಅಂಕಲ್, ಪ್ರಾಮಿಸ್. ಇಲ್ನೋಡಿ, ಓಪನ್ ಕ್ವೆರಿ ಅಂತ ಕೆಂಪಗೆ ಬರ್ತಿದೆ. ಕೆಂಪು ಹೋಗೋವರೆಗೂ ಅಪ್ರೂವ್ ಮಾಡೋ ಡಾಕ್ಟರ್ ಸ್ಕ್ರೀನಿಗೇ ಹೋಗಲ್ಲ."

"ಆ ಡಾಕ್ಟರನ್ನೇ ನೋಡಬಹುದಾ?"

"ಅವ್ರು ಯಾರಂತ ನಮಗೂ ಗೊತ್ತಿಲ್ಲ."

ಹಿಂದಿನಿಂದ ಕಾವಲುಗಾರ ಬಂದು ಗಡಿಯಾರ ತೋರಿಸಿದ. "ಖಲಾಸ್, ಖಲಾಸ್. ಬುಕ್ರಾ," ನಾಳೆ ಬಾ ಎಂದ. ಹುಡುಗಿ ತನ್ನ ಡ್ರಾಯರಿನಿಂದ ಒಂದು ಸಣ್ಣ ನೀರಿನ ಬಾಟಲಿ ತೆಗೆದು ಕಾಗದದ ಕವರಿನಲ್ಲಿ ಸುತ್ತಿ, ಬಸ್ಸಿನಲ್ಲಿ ತಲೆ ಬಗ್ಗಿಸಿ ಕುಡೀರಿ ಅಂಕಲ್ ಎಂದು ಕೈಗಿಟ್ಟಳು. ನನ್ನ ಅಬುಧಾಬಿ ದಂಡಯಾತ್ರೆಯ ಒಟ್ಟು ಗಳಿಕೆ ಆ ನೀರು.

ಆಮೇಲೆ ದಿನಾ ಬೆಳಿಗ್ಗೆ ಕಂಪ್ಯೂಟರ್ ತೆರೆದು ಆ ಕೆಂಪನ್ನು ನೋಡುವುದಷ್ಟೇ ಉಳಿಯಿತು. ಎದೆರೋಗದ ಡಾಕ್ಟರು ಎರಡು ಪತ್ರ ಬರೆದರು. ನಾನು ನಾಲ್ಕು. ಹಡಗು ಕೆರಿಬಿಯನ್ ದಾಟಿ ಮೆಕ್ಸಿಕೋ ಕೊಲ್ಲಿಗೆ ಬಂತು. ಜುಲೈ ಎರಡನೆಯ ವಾರ ಒಂದು ಬೆಳಿಗ್ಗೆ ವಾರ್ಡಿಗೆ ಹೋದಾಗ ಸಿಸ್ಟರ್ ಮೇಷ್ಟ್ರ ಫೋನನ್ನು ಅವರ ಮುಖದ ಮುಂದೆ ಹಿಡಿದುಕೊಂಡು ನಿಂತಿದ್ದರು. ಅವರ ಅಕ್ಕ ದಡದಿಂದ ವಿಡಿಯೋ ಕಳಿಸಿದ್ದರು. ಕಂದು ಬಣ್ಣದ ನೀರು, ಟೋಪಿ ಹಾಕಿದ ಮುದುಕರು, ಯಾರದೋ ನಾಯಿ. ಆಮೇಲೆ ನಿಧಾನಕ್ಕೆ, ಬಣ್ಣ ಸುಲಿದ ಒಂದು ಗೋಡೆ ಪರದೆಯ ತುಂಬ ಹಾದುಹೋಯಿತು. ಹೋಗುತ್ತಲೇ ಇತ್ತು. ಮೇಷ್ಟ್ರು ಅದನ್ನು ಮೂರು ಸಲ ಹಾಕಿಸಿದರು. ನಾಲ್ಕನೆಯ ಸಲ ಸಿಸ್ಟರ್ ಕೇಳದೆಯೇ ಹಾಕಿದರು. ಮೇಷ್ಟ್ರು ಬೇಡವೆಂದು ಕೈ ಆಡಿಸಿದರು.

ಈದ್ ರಜೆ ಮುಗಿದ ಮೊದಲ ದಿನ ಕಂಪ್ಯೂಟರಿನಲ್ಲಿ ಕೆಂಪು ಹೋಗಿ ಹಸಿರು ಬಂದಿತ್ತು. ಯಾಕೆ ಹೋಯಿತು, ಯಾರು ತೆಗೆದರು, ಇವತ್ತಿಗೂ ನನಗೆ ತಿಳಿಯದು. ಮಂಜೂರಾತಿ ಮೂವತ್ತು ದಿನಕ್ಕೆ ಸಿಂಧು. ಪ್ರಿಂಟು ತೆಗೆದು ಓಡಿದೆ. ಬಾಗಿಲಲ್ಲೇ ಡಾಕ್ಟರು ಸಿಕ್ಕಿ ಇಲ್ಲ ಎಂದು ತಲೆ ಆಡಿಸಿದರು. ಬೇಕಾಗುವ ಆಕ್ಸಿಜನ್ ದುಪ್ಪಟ್ಟಾಗಿದೆ, ಇನ್ನು ವಿಮಾನದ ಮಾತು ಬೇಡ.

ಅದನ್ನು ಮೇಷ್ಟ್ರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಸಿಸ್ಟರ್ ಹೇಳಿದರು, ಅವರ ಕೈ ಹಿಡಿದುಕೊಂಡು, ಇಂಗ್ಲಿಷಿನಲ್ಲಿ. ಅವರು ಕೇಳಿಸಿಕೊಂಡು, ನನ್ನ ಕೈಯಲ್ಲಿದ್ದ ಕಾಗದ ಕೊಡಿ ಎಂದು ಸನ್ನೆ ಮಾಡಿದರು. ಲಗತ್ತಿಸಿದ್ದ ಎರಡೂವರೆ ಪುಟವನ್ನು ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದತೊಡಗಿದರು. ಎರಡನೆಯ ಪುಟದಲ್ಲಿ ಬೆರಳು ನಿಂತಿತು.

"ಇಲ್ಲಿ ಆರು ಬಾಯ್ಲರ್ ಅಂತಿದೆ. ಎಂಟು. ಅವಳಿಗೆ ಎಂಟು."

ನೋಡಿದೆ. ಆರು ಎಂದೇ ಇತ್ತು. ಬರೆದವನು ನಾನೇ.

"ತಿದ್ದಿಸ್ತೀರಾ?"

"ತಿದ್ದಿಸ್ತೀನಿ."

ಹೊರಗೆ ಬಂದ ಮೇಲೆ ಸಿಸ್ಟರ್ ಕಣ್ಣೊರೆಸಿಕೊಂಡರು. "ಇನ್ನು ತಿದ್ದಿ ಎಂಥ ಮಾಡ್ತೀರಿ? ಹೋಗ್ಲಿಕ್ಕೂ ಇಲ್ಲ, ನೋಡ್ಲಿಕ್ಕೂ ಇಲ್ಲ."

"ಅವರು ಕೇಳಿದ್ದು ಅದೊಂದೇ ತಾನೇ ಸಿಸ್ಟರ್ ಉಳಿದಿರೋದು."

"ಹಾಗಾದ್ರೆ ಬೇಗ ಮಾಡಿ."

ಮಧ್ಯಾಹ್ನವೇ ತಿದ್ದುಪಡಿ ಕಳಿಸಿದೆ. ಮೂರನೆಯ ದಿನ ಬೆಳಿಗ್ಗೆ ಕೆಂಪು ಮತ್ತೆ ಬಂದಿತ್ತು: ‘ಎಂಟು ಬಾಯ್ಲರ್ ಎಂಬುದಕ್ಕೆ ಪೂರಕ ದಾಖಲೆ ಲಗತ್ತಿಸಿ.’ ಪೂರಕ ದಾಖಲೆಯನ್ನು ಆ ಹೊತ್ತಿಗೆ ಟೆಕ್ಸಾಸಿನಲ್ಲಿ ಗ್ಯಾಸ್ ಕಟರ್ ಹಿಡಿದು ತುಂಡು ಮಾಡಲು ಸಿದ್ಧತೆ ನಡೆದಿತ್ತು.

ಮೇಲೆ ಹೋದೆ. ಮೇಷ್ಟ್ರು ಎಚ್ಚರವಾಗಿದ್ದರು. ಮಾಸ್ಕನ್ನು ಸ್ವಲ್ಪ ಎತ್ತಿ, "ಎಂಟು ಅಂತ ಒಪ್ಪಿಕೊಂಡರಾ?" ಎಂದು ಕೇಳಿದರು.

"ಒಪ್ಪಿಕೊಂಡರು," ಎಂದೆ.

"ಈ ಸಲ ಬೇಗ ಆಯಿತು," ಎಂದರು, ನಿಜಕ್ಕೂ ಸಂತೋಷಪಟ್ಟು.